ಜೋಡಿ ಹೆಸರಿನ ಆಯೇರಿ

ಅಂಕಲಗಿ, 3 ಫೆಬ್ರವರಿ 2025

ನಾಲ್ಕು ಬ್ಲೌಸ್ ಮುಗಿದವು. ಗೋಕಾಕದ ಕಾಲೇಜಿನಿಂದ ಪದ್ಮಶ್ರೀ ಬಂದಿದ್ದಳು. ಅವರ ಹಾಡಿನ ನಾಟಕಕ್ಕೆ ಆರು ಜುಬ್ಬಾ ಬೇಕಂತೆ.

"ಯಾವ ದೇವರ ಕಥಿ?" ಎಂದೆ.

"ದೇವರದಲ್ಲರಿ ಅಕ್ಕಾರ. ಹುಡುಗ ಹುಡುಗನ್ನ ಪ್ರೀತಿ ಮಾಡ್ತಾನ, ಹುಡುಗಿ ಹುಡುಗಿನ್ನ. ಹೊಲಿದ ಕೊಡ್ತೀರೇನ್ರಿ?"

ಟೇಪು ಕೈಯಲ್ಲೇ ಉಳಿಯಿತು. ಆಮೇಲೆ ಅಳತೆ ಬರೆದುಕೊಂಡೆ.

4 ಫೆಬ್ರವರಿ

ತಮ್ಮ ಸೋಮಶೇಖರ ತೀರಿ ಎರಡು ತಿಂಗಳು. ಹುಕ್ಕೇರಿಯಲ್ಲಿ ಗಜಾನನನ ಜೊತೆ ಹನ್ನೊಂದು ವರ್ಷ ಬಾಳಿದ. 'ರೂಮ್ ಪಾರ್ಟ್ನರ್' ಎನ್ನುತ್ತಿದ್ದೆವು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ. ತಮ್ಮನನ್ನು ಮಣ್ಣು ಮಾಡಿದ ದಿನ ಗಜಾನನ ಮನೆಯ ಹೊರಗೆ, ಪರವೂರಿನವರ ಜೊತೆ ನಿಂತಿದ್ದ. ಒಳಗೆ ಬಾ ಎನ್ನಬಹುದಿತ್ತು. ಎನ್ನಲಿಲ್ಲ. ಅಂದಿನಿಂದ ಫೋನ್ ಮಾಡುವ ಧೈರ್ಯವಿಲ್ಲ.

15 ಫೆಬ್ರವರಿ, ಸಂಜೆ 7

ಪದ್ಮಶ್ರೀ ಕಾಲೇಜಿಗೆ ಕರೆದಿದ್ದಳು. ನಾಟಕ ನೋಡಿ ಬಂದೆ. ಜೊತೆಗೆ ಬಾಜೂ ಮನೆಯ ಲಕ್ಕವ್ವ. ವಿಶಾಲ ಎಂಬ ಹುಡುಗ ಇನ್ನೊಬ್ಬನ ಕೈ ಹಿಡಿದು ಹಾಡಿದ. ದನಿ ನಡುಗುತ್ತಿತ್ತು. ಜುಬ್ಬಾದ ತೋಳು ಮಾತ್ರ ಸರಿಯಾಗಿ ಕೂತಿತ್ತು. ಹಿಂದೆ ಸೀಟಿ, ನಗು.

"ಯವ್ವಾ, ಇಬ್ರೂ ಗಂಡಸ್ರ" ಎಂದಳು ಲಕ್ಕವ್ವ. ತುಸು ಹೊತ್ತಿಗೆ — "ಚಂದ ಹಾಡ್ತಾವ ಬಿಡ, ಖೋಡಿಗೋಳು."

ನಮ್ಮೂರ ಸಣ್ಣಾಟದಲ್ಲಿ ಪಾತ್ರಧಾರಿ ಚೆನ್ನಾಗಿ ಹಾಡಿದರೆ ನಡುವೆಯೇ ಹೋಗಿ ಟವೆಲ್ ಹೊದಿಸಿ ಆಯೇರಿ ಮಾಡುತ್ತೇವೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಇಲ್ಲೂ ಹಾಗೇ ಎಂದುಕೊಂಡು ಹೊಸ ಟವೆಲ್ ಒಯ್ದಿದ್ದೆ. ಎದ್ದು ಹೋದೆ. ವಿಶಾಲ ಹಾಡು ನಿಲ್ಲಿಸಿ ಹಿಂದೆ ಸರಿದ. ಹೊಡೆಯಲು ಬಂದೆನೆಂದುಕೊಂಡನಂತೆ, ಪಾಪ. ಹೊದಿಸಿದೆ.

"ಏನ್ರಿ ಅಕ್ಕಾರ ಇದು?"

"ಆಯೇರಿ. ಹೆಸರ ಕೂಗಪಾ."

"ಯಾರ ಹೆಸರ್ರಿ?"

ಗಂಡ-ಹೆಂಡತಿಯದನ್ನು ಜೋಡಿಯಾಗಿ ಹೇಳುವಂತೆ ಹೇಳಿದೆ — ಹುಕ್ಕೇರಿಯ ಸೋಮಶೇಖರ ಮತ್ತು ಗಜಾನನ. ಕೂಗಿದ. ನಗು ನಿಂತಿತು. ಹುಡುಗರು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಬಸ್ಸಿನಲ್ಲಿ ಲಕ್ಕವ್ವ, "ಕಿಟಕಿ ಕಡೆ ನೀ ಕುಂದ್ರ" ಎಂದಳು. ಅಷ್ಟೇ.

16 ಫೆಬ್ರವರಿ

ಗಜಾನನನನ್ನು ಕೇಳದೆ ಅವನ ಹೆಸರನ್ನು ಅಷ್ಟು ಜನರ ಮುಂದೆ ಇಟ್ಟೆ. ಅದು ನಾನಲ್ಲ, ಅವನು ಹೇಳಬೇಕಾದ ಮಾತು…

20 ಫೆಬ್ರವರಿ

ಗಜಾನನನ ಫೋನ್. ಯಾರೋ ಅವನಿಗೆ ನಾಟಕದ ವಿಡಿಯೊ ಕಳಿಸಿದ್ದಾರೆ.

"ಸಿಟ್ಟ ಬಂತೇನಪಾ?" ಎಂದೆ.

"ಸಿಟ್ಟ ಮಣ್ಣಿನ ದಿನದ್ದ ಐತ್ರಿ ಅಕ್ಕಾರ. ಇದರದಲ್ಲ." ಆಮೇಲೆ ಹೇಳಿದ — "ಹನ್ನೊಂದು ವರ್ಷದಾಗ ಮನಿಗೆ ಬಂದ ಒಂದ್ ಲಗ್ನಪತ್ರಿಕಿ ಮ್ಯಾಲೂ ನಮ್ಮ ಹೆಸರ ಕೂಡಿ ಬರ್ಲಿಲ್ರಿ."

"ರವಿವಾರ ಊಟಕ್ಕ ಬಾ" ಎಂದೆ.

"ಬರ್ತೇನ್ರಿ" ಎಂದ.

23 ಫೆಬ್ರವರಿ, ಬೆಳಿಗ್ಗೆ 8

ಹತ್ತರ ಬಸ್ಸಿಗೆ ಬರುತ್ತಾನೆ. ಒಲೆ ಹಚ್ಚಿ ನಿಂತಿದ್ದೇನೆ. ಅವನಿಗೆ ಏನು ಸೇರುತ್ತದೋ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಡಿಸಿಲ್ಲ. ಸೋಮ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ.