ಮಣ್ಣಿನ ಗುಂಡಿಯ ಮಾತು

ಬುಧವಾರ, ಮಧ್ಯಾಹ್ನ

ನನ್ನ ಬಾಯಿಬಡುಕಿ ಮಗಳಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚುನಾವಣೆಗೆ ನಿಂತ ಮೇಲೆ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಪೋಸ್ಟರಿನ ಮುಖ ನೋಡಿದರೇ ಗೊತ್ತಾಗುತ್ತದೆ. ಈ ವಿಷಯ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಓಟು ಕೇಳಲು ಬಂದು ಹೋದ ಮೇಲೆ ನಮ್ಮ ಕುಂಬಾರರ ಕೇರಿಯಲ್ಲಿ ನನಗೆ ಎರಡು ಕೊಂಬು ಮೂಡಿದ್ದವು. ಮಣ್ಣಿನ ಗುಂಡಿಯ ದಡದಲ್ಲಿ ನಿಂತು, ನಾನು ಗೆದ್ದರೆ ಈ ಗುಂಡಿಯನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಎಂದೆಯಲ್ಲ, ನಿನ್ನ ಚಿಕ್ಕಪ್ಪ ಕಣ್ಣೊರೆಸಿಕೊಂಡ. ಆ ಜೇಡಿಮಣ್ಣು ಹೋದರೆ ಇಲ್ಲಿ ಒಂದು ತಿಗರಿಯೂ ತಿರುಗುವುದಿಲ್ಲ ಎಂದು ನಿನಗೆ ಹೇಳಿಕೊಡಬೇಕಿಲ್ಲ. ಮಾರನೆಯ ದಿನದಿಂದ ನಾನು ಕೆಲಸ ಬಿಟ್ಟು, ಅಕ್ಕಪಕ್ಕದ ಊರುಗಳಲ್ಲೆಲ್ಲ ಮನೆ ಮನೆ ಹತ್ತಿ ಇಳಿದು ನಿನಗಾಗಿ ಓಟು ಕೇಳಿದೆ.

ಹೋದ ವಾರ ಹೂಕುಂಡ ಇಳಿಸಲು ಚಿಕ್ಕಪ್ಪನ ಟೆಂಪೋದಲ್ಲಿ ನಗರಕ್ಕೆ ಬಂದಿದ್ದೆ. ಅವನು ಅಂಗಡಿಯವನ ಜೊತೆ ಚೌಕಾಸಿಗೆ ನಿಂತ. ನಾನು ಮೈಕಿನ ದನಿ ಹಿಡಿದು ನಿನ್ನ ಸಭೆಗೆ ಬಂದೆ. ಹಿಂದುಗಡೆ, ನೀರಿನ ಟ್ಯಾಂಕರಿನ ಪಕ್ಕ ನಿಂತೆ. ಮುಂದೆ ಬಂದಿದ್ದರೆ ನೀನು ನನ್ನನ್ನೇ ನೋಡುತ್ತಾ ಮಾತಾಡುತ್ತಿದ್ದೆ. ಶಾಲೆಯ ವೇದಿಕೆಯ ಮೇಲೂ ಅದೇ ಚಾಳಿ ನಿನಗೆ.

ಬಡಾವಣೆಯ ನಡುವಿನ ಕಸದ ಗುಡ್ಡೆ ತೆಗೆಸಿ, ಊರಾಚೆ ಬಿದ್ದಿರುವ ಪಾಳು ಗುಂಡಿಗೆ ಸಾಗಿಸುತ್ತೇನೆ ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನನ್ನ ಮಗಳು ಎಂಬ ಗುಂಗಿನಲ್ಲಿದ್ದೆ. ಹಳೇ ಇಟ್ಟಿಗೆ ಗೂಡಿನ ರಸ್ತೆ ಎಂದು ನೀನು ಬಿಡಿಸಿ ಹೇಳಿದಾಗ ಕೈ ನಿಂತಿತು. ಆ ರಸ್ತೆಯಲ್ಲಿ ಇರುವುದು ಒಂದೇ ಗುಂಡಿ, ನಮ್ಮದು.

ಪಕ್ಕದಲ್ಲಿದ್ದ ಹೆಂಗಸು, ಆ ಗುಡ್ಡೆಯ ನಾತಕ್ಕೆ ಕಿಟಕಿ ತೆಗೆಯುವುದನ್ನೇ ಬಿಟ್ಟಿದ್ದೇವೆ, ಮೊಮ್ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ ಎಂದು ತಾನಾಗಿ ಹೇಳಿಕೊಂಡಳು. ಅವಳ ಕಷ್ಟ ಸುಳ್ಳಲ್ಲ. ನೀವು ಯಾವ ಕಡೆಯವರು ಎಂದೂ ಕೇಳಿದಳು. ಕುಂಡ ಮಾರಲು ಬಂದವಳು ಎಂದಷ್ಟೇ ಹೇಳಿದೆ.

ದಾರಿಯುದ್ದಕ್ಕೂ ಅದೇ ಯೋಚನೆ. ಕ್ಷೇತ್ರವನ್ನು ಹೊಸದಾಗಿ ಕತ್ತರಿಸಿ ಹೊಲಿದ ಮೇಲೆ, ನಮ್ಮ ಕಡೆಯ ಊರುಗಳನ್ನೆಲ್ಲ ಕೂಡಿಸಿದರೂ ಆ ಒಂದು ಬಡಾವಣೆಗೆ ಸಮವಲ್ಲ. ನಮ್ಮ ಓಟಿಲ್ಲದೆಯೂ ನೀನು ಗೆಲ್ಲುತ್ತೀಯ. ಹಾಗಿದ್ದ ಮೇಲೆ ನಮ್ಮ ಹತ್ತಿರ ಸುಳ್ಳು ಹೇಳುವ ಅಗತ್ಯ ಏನಿತ್ತು? ಅಮ್ಮನ ಮುಖ ನೋಡಿ ನಿಜ ಹೇಳಲು ನಿನಗೆ ಬಾಯಿ ಬಂದಿರಲಿಕ್ಕಿಲ್ಲ. ಅದು ಪ್ರೀತಿಯೇ ಇರಬಹುದು. ಆದರೂ ನನಗೆ ಸಿಟ್ಟು ಬಂದಿದೆ, ದುಃಖವೂ ಆಗಿದೆ.

ಮನೆಗೆ ಬಂದರೆ ಕೇರಿಯವರೆಲ್ಲ ಸುತ್ತುಗಟ್ಟಿದರು, ನಮ್ಮ ಹುಡುಗಿ ಏನಂದಳು ಎಂದು. ಮೈಕು ಕೆಟ್ಟಿತ್ತು, ಏನೂ ಕೇಳಿಸಲಿಲ್ಲ ಎಂದುಬಿಟ್ಟೆ. ನೀನು ಯಾರ ಮಗಳು ಎಂದು ಇನ್ನು ಯಾರೂ ಕೇಳಬೇಕಿಲ್ಲ.

ಗಂಟಲು ಕಟ್ಟಿದೆ ಎಂದು ಕೇಳಿದೆ. ಬಿಸಿನೀರು ಕುಡಿ.

ಇಂತಿ,
ನಿನ್ನ ಮೇಲೆ ಮುನಿಸಿಕೊಂಡಿರುವ
ಅಮ್ಮ

ಇನ್ನೊಂದು ಮಾತು: ಚಿಕ್ಕಪ್ಪನ ಕೈಯಲ್ಲಿ ಕಳಿಸುವ ಮೊದಲು ಈ ಪತ್ರವನ್ನು ಮಡಕೆ ಸುಡುವ ಆವಿಗೆಯ ಹತ್ತಿರ ಎಲ್ಲರಿಗೂ ಓದಿ ಹೇಳಿದೆ. ಮೈಕಿನ ಸಾಲು ಬಂದಾಗ, ನಾನು ತನಗೂ ಸುಳ್ಳು ಹೇಳಿದ್ದೆ ಎಂದು ತಿಳಿದು ಅವನು ತಲೆ ತಗ್ಗಿಸಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯವಳು ಮಾತ್ರ, ನಾವು ಓಟು ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಲ್ವಾ ಅಕ್ಕ ಎಂದಳು. ಭಾನುವಾರ ಅದೇ ಮೈದಾನದಲ್ಲಿ ನಿನ್ನ ಕೊನೆಯ ಸಭೆಯಂತೆ. ಟೆಂಪೋದಲ್ಲಿ ಕುಂಡದ ಬದಲು ನಾವೇ ತುಂಬಿಕೊಂಡು ಬರುತ್ತೇವೆ. ಈ ಸಲ ನಾನು ಹಿಂದೆ ನಿಲ್ಲುವುದಿಲ್ಲ, ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ನನ್ನನ್ನೇ ನೋಡುತ್ತಾ ಆ ಗುಂಡಿಯ ಮಾತು ಇನ್ನೊಮ್ಮೆ ಹೇಳು.