ನುಂಗದ ಕಾಫಿ

ಫೆಬ್ರವರಿ 12, ಸಂಜೆ

ಇವತ್ತು ಮೂವತ್ತು ಕಪ್. ಸೊರ್ರೆಂದು ಹೀರು, ನಾಲಿಗೆಯ ಮೇಲೆ ಹೊರಳಿಸು, ಡಬ್ಬಿಗೆ ಉಗಿ. ಮುಂದಿನ ಕಪ್. ಮೂಡಿಗೆರೆ ಕಡೆಯ ಒಂದು ಲಾಟ್‌ನಲ್ಲಿ ಗೋಣಿಯ ವಾಸನೆ. ಸರಿಯಾಗಿ ಒಣಗುವ ಮೊದಲೇ ಮೂಟೆ ಕಟ್ಟಿದ್ದಾರೆ. ಯಾರಿಗೆ ಎಂಥ ಅವಸರವೋ.

ಬೀಜ ಹಸನು ಮಾಡುವ ಈ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡುತ್ತಾ ಇಪ್ಪತ್ತೈದು ವರ್ಷ. ಒಂದು ಗುಟುಕೂ ನುಂಗಿಲ್ಲ ಎಂದರೆ ನೆಂಟರು ನಂಬುವುದಿಲ್ಲ. ಮನೆಯಲ್ಲಂತೂ ಮುಟ್ಟುವುದೇ ಇಲ್ಲ. ಆಫೀಸನ್ನು ಮನೆಗೆ ಯಾಕೆ ತರಬೇಕು?

ಮಾರ್ಚ್ 31 ಕೊನೆಯ ದಿನ. ಸರ್ವೀಸ್ ಇನ್ನೂ ಆರು ವರ್ಷ ಇತ್ತು. ಸಾಕು ಅಂತ ಬರೆದುಕೊಟ್ಟಾಯಿತು. ಬೇರೆಯವರ ಕಾಫಿಗೆ ಮಾರ್ಕ್ಸ್ ಹಾಕಿದ್ದು ಸಾಕು. ನಾಲಿಗೆ ಚುರುಕಾಗಿರುವಾಗಲೇ ನನ್ನದೊಂದು ಪುಡಿ ಮಾಡಬೇಕು. ಕಳಸದಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ, ಹಿಂದೆ ಎರಡು ರೂಮು. ಬಾಡಿಗೆಗೆ ಮಾತಾಗಿದೆ. ನಮ್ಮ ಮನೆಯವರು ಮೊದಲು ಆ ಲೈನಿನಲ್ಲೇ ಜೀಪ್ ಓಡಿಸುತ್ತಿದ್ದವರು. ಪರಿಚಯಕ್ಕೇನೂ ಕೊರತೆ ಇಲ್ಲ.

ಹೊರಡುವ ಹೊತ್ತಿಗೆ ಎಚ್.ಆರ್. ಶಶಿಕಿರಣ್ ಬಂದ. "ಮೇಡಂ, ಕಂಪನಿ ಇನ್ಶೂರೆನ್ಸ್ ನಿಮ್ಮ ಲಾಸ್ಟ್ ಡೇಗೇ ಮುಗಿಯುತ್ತೆ. ವೀರೇಂದ್ರ ಸರ್‌ದೂ ಅಷ್ಟೇ. ಹೇಳಿರ್ತೀನಿ ಅಂತ..."

ಎರಡು ವರ್ಷದ ಹಿಂದೆ ಇವರ ಎದೆಗೆ ಸ್ಟೆಂಟ್ ಹಾಕಿಸಿದ್ದು ಅದೇ ಇನ್ಶೂರೆನ್ಸ್‌ನಲ್ಲಿ. ಅಂಗಡಿ ಬೋರ್ಡಿನ ಬಣ್ಣಕ್ಕೆ ಇಬ್ಬರೂ ಒಂದು ವಾರ ಜಗಳ ಆಡಿದ್ದೇವೆ. ಇದು ಮಾತ್ರ ನೆನಪಾಗಲಿಲ್ಲ!

ಫೆಬ್ರವರಿ 13

ಇವರಿಗೆ ಹೇಳಿದೆ.

"ಹಾಗಾದ್ರೆ ಇಷ್ಟು ದಿನ ನನ್ನ ಎದೆನ ನಿನ್ನ ನೌಕರಿಗೆ ಕಟ್ಟಿಹಾಕಿದ್ರಾ ಮಾರಾಯ್ತಿ?"

ತಮಾಷೆಗೇ ಅಂದರು. ನನಗೆ ನಗು ಬರಲಿಲ್ಲ. "ರಾಜೀನಾಮೆ ವಾಪಸ್ ತಗೊಳ್ತೀನಿ ರೀ" ಎಂದೆ.

"ತಗೊ. ನಾನೊಬ್ನೇ ಹೋಗಿ ಪುಡಿ ಮಾರ್ತೀನಿ. ರುಚಿ ಕೆಟ್ರೆ ಹಾಳಾಗೋದು ನಿನ್ನ ಹೆಸರು."

ಅಡುಗೆಮನೆಗೆ ಬಂದು ಒಗ್ಗರಣೆ ಹಾಕುತ್ತಾ ಅತ್ತುಬಿಟ್ಟೆ. ಒಂಟಿಯಾಗಿ ನನಗೆ ಕಳಸವೂ ಬೇಡ, ಪುಡಿಯೂ ಬೇಡ. ಈ ಮನುಷ್ಯ ಬೇಕು.

ಫೆಬ್ರವರಿ 20

ಇನ್ಶೂರೆನ್ಸ್ ಆಫೀಸಿನಲ್ಲಿ ಧನ್ಯಾ ಅಂತ ಹುಡುಗಿ. ಮಾತು ಪಟಪಟ, ಆದರೆ ಒಳ್ಳೆಯ ಮನಸ್ಸು. ಅವಳು ಹೇಳಿದ್ದು ಇಷ್ಟು — ಕೆಲಸ ಬಿಟ್ಟ ಮೇಲೆ ಹೊಸದಾಗಿ ಮಾಡಿಸಿದರೆ ಇವರ ಎದೆಯ ಖರ್ಚಿಗೆ ಮೂರು ವರ್ಷ ಕಾಯಬೇಕು. ಬಿಡುವ ಮೊದಲೇ ಅರ್ಜಿ ಹಾಕಿ, ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ಮೆಡಿಕಲ್ ಟೆಸ್ಟ್ ಆಗಬೇಕು, ಇಬ್ಬರಿಗೂ.

"ಆಂಟಿ, ನಿಮ್ದೇನೂ ಟೆನ್ಷನ್ ಇಲ್ಲ. ಅಂಕಲ್‌ದೇ ನೋಡ್ಬೇಕು."

ಹೌದು. ನನ್ನದೇನಿದೆ.

ಫೆಬ್ರವರಿ 27

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಸೀಸನ್ ಅಲ್ಲವೇ, ಲಾಟ್‌ಗಳು ಕಾಯುತ್ತಿದ್ದವು. ಬೆಳಿಗ್ಗೆ ಬೇಗ ಹೋಗಿ ಒಂದು ಸಾಲು ಮುಗಿಸಿ ಲ್ಯಾಬಿಗೆ ಬಂದೆ. ಇವರದು ಸಲೀಸಾಗಿ ಆಯಿತು. ನನ್ನ ತೋಳಿಗೆ ಪಟ್ಟಿ ಕಟ್ಟಿದ ಡಾಕ್ಟರ್ ಒಮ್ಮೆ ನೋಡಿದರು, ಬಿಚ್ಚಿ ಮತ್ತೆ ಕಟ್ಟಿದರು.

"ಬೆಳಿಗ್ಗೆ ಏನಾದ್ರೂ ತಗೊಂಡ್ರಾ?"

"ಇಲ್ಲ ಡಾಕ್ಟ್ರೇ, ನೀರೂ ಇಲ್ಲ."

"ಕಾಫಿ?"

"ಇಪ್ಪತ್ತು ಕಪ್. ಆದ್ರೆ ಒಂದೂ ಕುಡಿದಿಲ್ಲ."

ಇವರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು, ಭುಜ ಕುಣಿಯುತ್ತಿತ್ತು. ಡಾಕ್ಟರ್ ನಗಲಿಲ್ಲ. ಬಿಪಿ ತುಂಬಾ ಜಾಸ್ತಿ ಇದೆ, ಕಾಫಿಯಿಂದಲೂ ಇರಬಹುದು, ಉಗಿದರೂ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ, ಎರಡು ದಿನ ಅದರ ಹತ್ತಿರವೂ ಹೋಗದೆ ಮತ್ತೆ ಬನ್ನಿ ಅಂದರು.

ಫೆಬ್ರವರಿ 28

ರಜೆ. ತಲೆ ಸಿಡಿಯುತ್ತಿದೆ. ಕುಡಿಯದ ಕಾಫಿ ಬಿಟ್ಟದ್ದಕ್ಕೆ ತಲೆನೋವು! ಇವರೂ ನನ್ನ ಜೊತೆ ಕಾಫಿ ಬಿಟ್ಟಿದ್ದಾರೆ. ಬೇಡ ಅಂದರೆ ಕೇಳುವುದಿಲ್ಲ. ಇಬ್ಬರೂ ಕೊತ್ತಂಬರಿ ಕಷಾಯ ಹಿಡಿದು, ಮುಖ ಸಿಂಡರಿಸಿಕೊಂಡು ಕೂತಿದ್ದೇವೆ.

ಮಾರ್ಚ್ 1

ಬಿಪಿ ಕಾಫಿಯದಲ್ಲ. ನನ್ನದೇ.

ಲ್ಯಾಬಿನಿಂದ ಸೀದಾ ಇವರ ಹಾರ್ಟ್ ಡಾಕ್ಟರ್ ಹತ್ತಿರ ಹೋದೆವು. ಬಿಪಿ ಬಂದು ವರ್ಷಗಳೇ ಆಗಿರಬೇಕು ಎಂದರು. ಇವತ್ತಿನಿಂದ ಮಾತ್ರೆ. ಕಾಫಿ ದಿನಕ್ಕೆ ಒಂದೇ ಲೋಟ — "ನುಂಗಿದ್ರೂ ಅಷ್ಟೇ, ಉಗಿದ್ರೂ ಅಷ್ಟೇ." ಈ ತಿಂಗಳ ಕಪ್‌ಗಳನ್ನು ಅಸಿಸ್ಟೆಂಟ್ ನೋಡಲಿ.

ಮನೆಯಲ್ಲಿ ಬಿಪಿ ಮಷೀನ್ ಇದೆ. ಎರಡು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಇವರ ತೋಳಿಗೆ ಕಟ್ಟಿದ್ದೇನೆ. ಒಂದು ದಿನವೂ ನನ್ನ ತೋಳಿಗೆ ಕಟ್ಟಿಕೊಳ್ಳಲಿಲ್ಲ. ಕಾಫಿಯಲ್ಲಿ ಒಂದು ಕೆಟ್ಟ ಬೀಜ ಇದ್ದರೆ ಹಿಡಿಯುತ್ತೇನೆ...

ಬರುವಾಗ ಇವರು ಆಟೋದಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಇಳಿದ ಮೇಲೂ ಬಿಡಲಿಲ್ಲ.

ಮಾರ್ಚ್ 13

ಧನ್ಯಾ ಫೋನ್. ಇಬ್ಬರದೂ ಆಗುತ್ತದೆ. ಆದರೆ ಇಬ್ಬರಿಗೂ ಪ್ರೀಮಿಯಂ ಜಾಸ್ತಿ, 31ರ ಒಳಗೆ ವರ್ಷದ್ದು ಪೂರ್ತಿ ಕಟ್ಟಬೇಕು. ಅಷ್ಟು ಕಟ್ಟಿದರೆ ರೋಸ್ಟರ್ ಮಷೀನಿಗೆ ಎತ್ತಿಟ್ಟ ಹಣ ಖಾಲಿ. ಹುರಿಯುವ ಮಷೀನ್ ಇಲ್ಲದ ಕಾಫಿ ಪುಡಿ ಅಂಗಡಿ!

ಇವರಿಗೆ ಹೇಳಿ, ರೊಟ್ಟಿ ತಟ್ಟುತ್ತಾ ಯೋಚಿಸಿದೆ. ಇವರು ಪೇಪರ್ ಓದುತ್ತಿದ್ದರು. ಪುಟ ಮಾತ್ರ ಒಂದೂ ತಿರುಗಲಿಲ್ಲ.

ಮಾರ್ಚ್ 14, ಮಧ್ಯಾಹ್ನ

ಮತ್ತೆ ಧನ್ಯಾ. ಈ ಸಲ ಪಿಸುಮಾತು.

"ಆಂಟಿ, ಬೆಳಿಗ್ಗೆ ಅಂಕಲ್ ಬಂದಿದ್ರು. ಅವರ ಹೆಸರು ತೆಗೆದು ನಿಮ್ಮೊಬ್ಬರದ್ದೇ ಮಾಡು, ಆಂಟಿಗೆ ಹೇಳ್ಬೇಡ ಅಂದ್ರು. ನಂಗೆ ಹೇಳ್ದೇ ಇರೋಕಾಗ್ಲಿಲ್ಲ."

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಇಷ್ಟು ಕೋಪ ನನಗೆ ಬಂದದ್ದೇ ಇಲ್ಲ. ಬಿಪಿ ನೋಡಿದ್ದರೆ ಮಷೀನ್ ಒಡೆಯುತ್ತಿತ್ತೋ ಏನೋ.

"ಯಾರನ್ನ ಕೇಳಿ ಹೋದ್ರಿ ನೀವು?"

"ಎರಡು ವರ್ಷ ಎಲ್ರೂ ನನ್ನ ಎದೆನೇ ನೋಡಿದ್ವಿ ಪ್ರೇಮಾ. ನಿಂದು ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಇನ್ನು ನಿಂದು ಮೊದ್ಲು. ಹುರಿಯೋ ಮಷೀನೂ ತಗೊ. ಅದು ನಿನ್ನ ಆಸೆ."

"ಮಷೀನ್ ನನ್ನ ಜೊತೆ ಬೋರ್ಡಿನ ಬಣ್ಣಕ್ಕೆ ಜಗಳ ಆಡುತ್ತಾ? ತಲೆನೋವಿಗೆ ಕಷಾಯ ಕುಡಿಯುತ್ತಾ?"

ಇವರ ಕಣ್ಣು ತುಂಬಿತು. ನನ್ನದೂ. ಆಮೇಲೆ ಇಬ್ಬರೂ ಊಟ ಮಾಡಿದೆವು, ಮಾತ್ರೆ ನುಂಗಿದೆವು. ನನ್ನದನ್ನು ಇವರೇ ಬಿಡಿಸಿಕೊಟ್ಟರು.

ಮಾರ್ಚ್ 15

ಇಬ್ಬರ ಹೆಸರಿಗೂ ಕಟ್ಟಿ ಬಂದೆವು. ಧನ್ಯಾ ಚಾಕೊಲೇಟ್ ಕೊಟ್ಟಳು.

ರೋಸ್ಟರ್ ಬೇಡ ಅಂತ ಫೋನ್ ಮಾಡಿದೆ. ಬೇಜಾರಾಯಿತು, ಸುಳ್ಳು ಯಾಕೆ.

ಮಾರ್ಚ್ 23

ಮೂಡಿಗೆರೆಯಲ್ಲಿ ಹೋಟೆಲ್ ಇಟ್ಟಿರುವ ಪ್ರಸಾದ್ ಇವರ ಹಳೆಯ ಸ್ನೇಹಿತರು. ಅವರ ಅಟ್ಟದಲ್ಲಿ ಕಾಫಿ ಹುರಿಯುವ ಹಳೆಯ ಡ್ರಮ್ಮು, ಕೈಯಲ್ಲಿ ತಿರುಗಿಸುವಂಥದ್ದು. "ತಗೊಂಡು ಹೋಗಿ ಮಾರಾಯ್ರೆ, ಪುಡಿ ಕೊಟ್ರೆ ಸಾಕು" ಅಂದರಂತೆ. ಇವರು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಬಂದರು, ಮೈಯೆಲ್ಲ ಮಸಿ.

ಯಾರು ತಿರುಗಿಸುವುದು? ಇವರಿಗೆ ಸ್ಟೆಂಟ್, ನನಗೆ ಬಿಪಿ. ಡಾಕ್ಟರನ್ನೇ ಕೇಳಿದೆವು. ಜೋರು ಮಾಡದೆ, ಸ್ವಲ್ಪ ಸ್ವಲ್ಪ ಆಗಬಹುದು ಅಂದರು. ಸರಿ, ಪಾಳಿಯ ಮೇಲೆ.

ಮಾರ್ಚ್ 31

ಕೊನೆಯ ದಿನ. ಹಾರ, ಶಾಲು, ಉಪ್ಪಿಟ್ಟು. ನನ್ನ ರುಚಿ ನೋಡುವ ಚಮಚ ನನಗೇ ಕೊಟ್ಟರು. ಶಶಿಕಿರಣ್ ತಮಾಷೆಗೆ ಉಗುಳುವ ಡಬ್ಬಿಯನ್ನೂ ರಿಬ್ಬನ್ ಕಟ್ಟಿ ಕೊಟ್ಟ. ಎಲ್ಲರೂ ನಕ್ಕರು. ಗೇಟಿನವರೆಗೆ ನಾನೂ ನಗುತ್ತಲೇ ಬಂದೆ.

ನಾಳೆಯಿಂದ ಹೊಸ ಪಾಲಿಸಿ. ಎರಡು ಹೆಸರು, ಒಂದರ ಕೆಳಗೆ ಒಂದು.

ಏಪ್ರಿಲ್ 16, ಕಳಸ

ಇಷ್ಟು ದಿನ ಬರೆಯಲು ಪುರಸೊತ್ತಿರಲಿಲ್ಲ. ಸಾಮಾನು, ಸುಣ್ಣ, ಬೋರ್ಡು. ಹಸಿರು ಬಣ್ಣ — ನಾನೇ ಗೆದ್ದೆ.

ಬೆಳಿಗ್ಗೆ ಈಗ ಮೊದಲು ನನ್ನ ತೋಳಿಗೆ ಪಟ್ಟಿ, ಆಮೇಲೆ ಇವರದು. ಅದು ಇವರ ಕಾನೂನು.

ಇವತ್ತು ಮೊದಲ ಸಲ ಹುರಿದೆವು. ಇವರು ಸ್ವಲ್ಪ, ನಾನು ಸ್ವಲ್ಪ. ಬಸ್ಸಿಗೆ ಕಾಯುತ್ತಿದ್ದವರು ವಾಸನೆ ಹಿಡಿದು ಬಾಗಿಲಿಗೆ ಬಂದರು. ಪುಡಿ ಮಾಡಿ, ಸೋಸಿ, ಇವರೇ ಲೋಟ ತಂದಿಟ್ಟರು. ಪಕ್ಕದಲ್ಲಿ ರಿಬ್ಬನ್ ಡಬ್ಬಿ. ಮರೆತಿಲ್ಲ.

ದಿನದ ನನ್ನ ಒಂದೇ ಲೋಟ. ಸೊರ್ರೆಂದು ಹೀರಿದೆ. ಹೊರಳಿಸಿದೆ. ಹುರಿದದ್ದು ಅಲ್ಲಲ್ಲಿ ಸ್ವಲ್ಪ ಹೆಚ್ಚಾಗಿದೆ — ಅದು ಇವರ ಪಾಳಿ, ಖಂಡಿತ. ಇವರು ಡಬ್ಬಿ ಎತ್ತಿ ನನ್ನ ಗದ್ದದ ಕೆಳಗೆ ಹಿಡಿದು ನಿಂತರು. "ಹೇಳೇ, ಹೇಗಿದೆ?"

ಉಗಿಯುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನುಂಗಿದೆ.