ನೆಲಮಾಳಿಗೆಯ ಗೋಡೆ

ತಂಗೀ,

ಪಿಟೀಲು ಎತ್ತಿಕೊಂಡು ನೀನು ಮನೆ ಬಿಟ್ಟ ಮೇಲೆ ನಿನ್ನ ವಿಳಾಸ ನನಗೆ ಗೊತ್ತಿಲ್ಲ. ಈ ಪತ್ರ ಮೇಜಿನ ಖಾನೆಯಲ್ಲೇ ಉಳಿಯುತ್ತದೆ.

ಇಂದು ಹೊಸ ಮನೆಯ ನೆಲಮಾಳಿಗೆಗೆಂದು ತೋಡಿದ ಗುಂಡಿಯೊಳಗೆ ನಿಂತಿದ್ದೆ. ಮೇಲೆ ಚೌಕಾಕಾರದ ಆಕಾಶ ನೀರಿನಂತೆ ಮೆಲ್ಲಗೆ ಅಲುಗುತ್ತಿತ್ತು. ಗೋಡೆ ಯಾವುದರದ್ದಿರಲಿ ಎಂದು ಎಂಜಿನಿಯರ್ ಕೇಳಿದರು.

"ಕಾಂಕ್ರೀಟ್ ಸುರಿದ್ರೆ ಕೆಳಗಿನ ಸದ್ದು ಮೇಲೆ ಬರೋದೇ ಇಲ್ಲ. ಟೊಳ್ಳು ಬ್ಲಾಕ್ ಕಟ್ಟಿದ್ರೆ ಕೆಮ್ಮಿದ್ರೂ ಕೇಳುತ್ತೆ."

"ಬ್ಲಾಕೇ ಇರಲಿ," ಎಂದೆ.

ಅವರು ವಿಚಿತ್ರವಾಗಿ ನೋಡಿದರು. ನೀನು ಅಭ್ಯಾಸಕ್ಕೆ ಕೂತಾಗಲೆಲ್ಲ ಧಡಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅಕ್ಕ ನಾನೇ ಎಂದು ಅವರಿಗೇನು ಗೊತ್ತು?

"ಕೆಳಗೆ ಯಾರಿರ್ತಾರೆ ಮೇಡಂ?"

"ನನ್ನ ತಂಗಿ. ಬೆಳಗ್ಗೆ ಬೇಗ ಎದ್ದು ನುಡಿಸ್ತಾಳೆ."

ಅವರು ನಕ್ಷೆಯಲ್ಲಿ 'ತಂಗಿಯ ಕೋಣೆ' ಎಂದು ಬರೆದುಕೊಂಡು, ಕಿಟಕಿ ಯಾವ ಕಡೆಗೆ ಬೇಕೆಂದು ಕೇಳಿದರು. ನಿನಗೆ ಎಂಥ ಬೆಳಕು ಇಷ್ಟವೋ, ನನಗೆ ಗೊತ್ತೇ ಇರಲಿಲ್ಲ.